ವೀಸಾ ಬಂತು, ಓದಿ ನೋಡಿದಿರಾ?

ಅರಸೀಕೆರೆ, ಬೇಲೂರು, ಹಳೇಬೀಡಿನ ನಮ್ಮ ಮೊಹಲ್ಲಾಗಳಲ್ಲಿ ಮಗನೋ ಅಳಿಯನೋ ಗಲ್ಫ್‌ನಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಒಬ್ಬ ರಿಯಾದಿನಲ್ಲಿ ಯಾರದೋ ಮನೆಯ ಕಾರು ಓಡಿಸುತ್ತಾನೆ, ಇನ್ನೊಬ್ಬ ದುಬೈಯ ಅಂಗಡಿಯಲ್ಲಿ ನಿಲ್ಲುತ್ತಾನೆ, ಮತ್ತೊಬ್ಬ ದೋಹಾದಲ್ಲಿ ಎಸಿ ರಿಪೇರಿ ಮಾಡುತ್ತಾನೆ. ಮನೆಯ ಆರ್‌ಸಿಸಿ, ತಂಗಿಯ ನಿಕಾಹ್, ತಂದೆಯ ಶುಗರ್ ಮಾತ್ರೆ ಎಲ್ಲವೂ ಅಲ್ಲಿಂದ ಬರುವ ಹಣವನ್ನೇ ನೆಚ್ಚಿಕೊಂಡಿವೆ. ಆದರೆ ಅವನು ಯಾವ ವೀಸಾದಲ್ಲಿ ಹೋದ, ಕಫೀಲ್ ಯಾರು, ಇಕಾಮಾ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಮನೆಯ ಹೆಂಗಸರನ್ನು ಕೇಳಿ ನೋಡಿ. "ಅದೆಲ್ಲ ಅವರಿಗೇ ಗೊತ್ತು" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ.

ಹೊರಡುವ ಗಡಿಬಿಡಿಯಲ್ಲಿ ಸೂಟ್‌ಕೇಸ್ ತುಂಬಿಸುವುದು, ಉಪ್ಪಿನಕಾಯಿ ಕಟ್ಟುವುದು ಹೆಂಗಸರ ಪಾಲಿಗೆ ಬರುತ್ತದೆ. ಕಾಗದ ನೋಡುವುದು ಗಂಡಸರ ಮತ್ತು ಏಜೆಂಟನ ಪಾಲು. ಆದರೆ ಟಿಕೆಟ್ಟಿಗೆಂದು ಒಡವೆ ಬಿಚ್ಚಿ ಕೊಡುವವಳು ಯಾರು? ಸಂಬಳ ನಿಂತಾಗ, ಫೋನ್ ಬಾರದಿದ್ದಾಗ, ಅಲ್ಲಾಹನು ಕಾಪಾಡಲಿ, ಸಾವೇ ಸಂಭವಿಸಿದಾಗ ಕಚೇರಿಯಿಂದ ಕಚೇರಿಗೆ ಅಲೆಯುವವಳು ಯಾರು? ತಾಯಿ ಅಥವಾ ಹೆಂಡತಿಯೇ ತಾನೇ? ಹಾಗಿರುವಾಗ ವೀಸಾ ಮತ್ತು ಪೌರತ್ವದ ನಿಯಮಗಳನ್ನು ಮನೆಯ ಹೆಂಗಸರು ತಿಳಿಯದಿದ್ದರೆ ಹೇಗೆ?

ನೋಡಲು ಹೋಗುವುದು ಬೇರೆ, ದುಡಿಯಲು ಹೋಗುವುದು ಬೇರೆ

ಬೇಲೂರು ಮತ್ತು ಹಳೇಬೀಡಿನ ಹೊಯ್ಸಳರ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವನ್ನು ನೋಡಲು ವಿದೇಶೀಯರು ಬರುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಸುತ್ತಾಡಬಹುದು, ಫೋಟೋ ತೆಗೆಯಬಹುದು. ಅವರು ತಂಗಿದ ಹೋಟೆಲಿನವರು ಅವರ ಪಾಸ್‌ಪೋರ್ಟ್ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಅವರಲ್ಲೊಬ್ಬ ಇಲ್ಲಿಯೇ ಸಂಬಳಕ್ಕೆ ನಿಂತುಬಿಟ್ಟರೆ ಅದು ಕಾನೂನಿಗೆ ವಿರುದ್ಧ. ಇದು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ನಮ್ಮ ಹುಡುಗ ದುಬೈಗೆ ವಿಸಿಟ್ ವೀಸಾದಲ್ಲಿ ಹೊರಟಾಗ ಅಲ್ಲಿ ಅವನೂ ಅಂಥದೇ ಪ್ರವಾಸಿ ಎಂಬುದು ಮರೆತುಹೋಗುತ್ತದೆ.

"ಮೊದಲು ವಿಸಿಟ್‌ನಲ್ಲಿ ಹೋಗಲಿ, ಆಮೇಲೆ ಬದಲಾಯಿಸಿಕೊಂಡರಾಯಿತು" ಎಂದು ಏಜೆಂಟ್ ಹೇಳುತ್ತಾನೆ. ಅಲ್ಲಿ ಕಂಪೆನಿ ಸಿಕ್ಕಿ, ಕೆಲಸದ ಪರವಾನಗಿ ಕೈಗೆ ಬಂದವರೂ ಇದ್ದಾರೆ, ನಿಜ. ಆದರೆ ಪರವಾನಗಿ ಬರುವವರೆಗೆ ಮಾಡುವ ಪ್ರತಿ ದಿನದ ಕೆಲಸವೂ ಅಕ್ರಮ. ಸಂಬಳ ಕೊಡದಿದ್ದರೆ ತೋರಿಸಲು ನೋಂದಾಯಿತ ಕರಾರು ಇರುವುದಿಲ್ಲ. ಪರವಾನಗಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕರಿಗೆ ಯುಎಇ ಸರ್ಕಾರ 2024ರಲ್ಲಿ ದಂಡವನ್ನು ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮಿನವರೆಗೆ ಏರಿಸಿತು. ಸೌದಿಯಲ್ಲಿಯೂ ಉಮ್ರಾ ಅಥವಾ ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವಂತಿಲ್ಲ. ಅವಧಿ ಮೀರಿ ಉಳಿದವರಿಗೆ 50,000 ರಿಯಾಲ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅನಂತರ ಗಡೀಪಾರು ಎಂಬ ನಿಯಮವಿದೆ.

ಇನ್ನೊಂದು ಮಾತು 'ಆಜಾದ್ ವೀಸಾ' ಅಥವಾ 'ಫ್ರೀ ವೀಸಾ'. ಇಂಥ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಒಬ್ಬ ಕಫೀಲನ ಹೆಸರಿನಲ್ಲಿ ವೀಸಾ ಪಡೆದು, ಅವನಿಗೆ ಹಣ ಕೊಟ್ಟು, ಬೇರೆಲ್ಲೋ ದುಡಿಯುವುದಕ್ಕೆ ನಮ್ಮವರು ಇಟ್ಟ ಹೆಸರದು. ಕಫೀಲನಿಗೆ ಸಿಟ್ಟು ಬಂದು "ಇವನು ಓಡಿಹೋಗಿದ್ದಾನೆ" ಎಂದು ದೂರು ಕೊಟ್ಟರೆ ಹುಡುಗನ ಹೆಸರಿನ ಮುಂದೆ 'ಹುರೂಬ್' ಎಂದು ಬೀಳುತ್ತದೆ. ಆ ಬಳಿಕ ಇಕಾಮಾ ಮಾಡಿಸುವುದೂ ಊರಿಗೆ ಬರುವುದೂ ಎರಡೂ ಕಷ್ಟ.

ಅರಬಿ ಅಕ್ಷರ ನಿಮಗೆ ಗೊತ್ತು

ನಾನು ಮದ್ರಸದಲ್ಲಿ ಅರಬಿ ಕಲಿತವಳೆಂದು ಅಕ್ಕಪಕ್ಕದವರು ವೀಸಾ ಕಾಗದ ಹಿಡಿದು ಬರುವುದುಂಟು. ಒಮ್ಮೆ ಒಬ್ಬ ತಾಯಿ ಬಂದು, "ಆಪಾ, ಮಗನಿಗೆ ಸೂಪರ್ ಮಾರ್ಕೆಟ್ ಕೆಲಸ ಸಿಕ್ಕಿದೆ, ಹೆಸರು ಸರಿ ಇದೆಯಾ ನೋಡಿ" ಎಂದರು. ಹೆಸರು ಸರಿಯಿತ್ತು. ಕೆಲಸದ ಸಾಲಿನಲ್ಲಿ ಮಾತ್ರ 'ರಾಯೀ' ಎಂದಿತ್ತು, ಅಂದರೆ ಕುರಿಗಾಹಿ. ಆ ತಾಯಿ ತಮ್ಮ ಸರ ಅಡವಿಟ್ಟು ಮುಂಗಡ ಕೊಟ್ಟಿದ್ದರು. "ಎಲ್ಲರದ್ದೂ ಹಾಗೇ ಬರುತ್ತದೆ, ಅಲ್ಲಿ ಹೋದ ಮೇಲೆ ಸರಿಯಾಗುತ್ತದೆ" ಎಂದು ಏಜೆಂಟ್ ವಾದಿಸಿದ. ಜಮಾಅತಿನ ಹಿರಿಯರು ಕೂತು ಮಾತಾಡಿದ ಮೇಲೆ ಅರ್ಧ ಹಣ ಮರಳಿತು. ಉಳಿದ ಅರ್ಧಕ್ಕೆ ಚೀಟಿಯೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ. ಹುಡುಗ ಹೋಗಲಿಲ್ಲ ಎಂಬುದೊಂದೇ ಸಮಾಧಾನ.

ಆ ತಾಯಿ ಪ್ರತಿದಿನ ಕುರ್‌ಆನ್ ಓದುವವರು. ಅಂದರೆ ವೀಸಾದ ಮೇಲಿನ ಅಕ್ಷರಗಳೆಲ್ಲ ಅವರಿಗೆ ಗೊತ್ತು! ಜಬರ್, ಜೇರ್, ಪೇಶ್ ಇಲ್ಲದ್ದರಿಂದ ಮತ್ತು ಅರ್ಥ ತಿಳಿಯದ್ದರಿಂದ ಅದು ತಮಗಲ್ಲವೆಂದು ಬಿಟ್ಟಿದ್ದರು. ಸಹೋದರಿಯರೇ, ಕೆಲವೇ ಪದಗಳನ್ನು ಗುರುತಿಟ್ಟುಕೊಂಡರೆ ಸಾಕು.

'ಅಲ್ ಮಿಹ್ನಃ' ಎಂದರೆ ಉದ್ಯೋಗ. ಅಲಿಫ್, ಲಾಮ್, ಮೀಮ್, ಹಾ, ನೂನ್, ಕೊನೆಗೆ ಗುಂಡು ತಾ. ಅದರ ಮುಂದೆ ಬರೆದಿರುವುದೇ ನಿಮ್ಮ ಮಗ ಕಾನೂನಿನ ಪ್ರಕಾರ ಮಾಡಬಹುದಾದ ಕೆಲಸ. 'ಸಾಇಕ್ ಖಾಸ್' ಎಂದರೆ ಮನೆಯ ಖಾಸಗಿ ಚಾಲಕ. 'ಆಮಿಲ್' ಎಂದರೆ ಕೂಲಿ ಕೆಲಸಗಾರ, 'ಆಮಿಲ್ ಮನ್ಝಿಲೀ' ಎಂದರೆ ಮನೆಗೆಲಸದವನು. 'ರಾಯೀ' ಏನೆಂದು ಈಗಾಗಲೇ ಹೇಳಿದೆ.

ವೀಸಾದ ಬಗೆಯನ್ನು ತಿಳಿಸುವ ಜಾಗದಲ್ಲಿ 'ಅಮಲ್' ಎಂದಿದ್ದರೆ ಅದು ಕೆಲಸದ ವೀಸಾ. 'ಝಿಯಾರಃ' ಎಂದಿದ್ದರೆ ವಿಸಿಟ್ ವೀಸಾ. ಉರ್ದುವಿನ ಜಿಯಾರತ್ ಇದೇ ಪದ. 'ಸಿಯಾಹಃ' ಎಂದರೆ ಪ್ರವಾಸ. 'ಸಾಹಿಬುಲ್ ಅಮಲ್' ಎಂದರೆ ಕೆಲಸ ಕೊಡುವವನು. 'ರಾತಿಬ್' ಎಂದರೆ ಸಂಬಳ, ಇದು ವೀಸಾದಲ್ಲಲ್ಲ, ಕರಾರಿನಲ್ಲಿ ಇರುತ್ತದೆ. ಸೌದಿಯು 2023ರಿಂದ ಪಾಸ್‌ಪೋರ್ಟಿಗೆ ಸ್ಟಿಕರ್ ಅಂಟಿಸುವ ಬದಲು ಕ್ಯೂಆರ್ ಗುರುತಿರುವ ಕಾಗದದ ವೀಸಾ ಕೊಡತೊಡಗಿತು. ಇದರಿಂದ ಮನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವುದು ಇನ್ನೂ ಸುಲಭವಾಗಿದೆ.

ಕುವೈತಿನ ವೀಸಾ ಆದರೆ ಸಂಖ್ಯೆಯನ್ನೂ ನೋಡಿ. ಅಲ್ಲಿ 18 ಎಂಬುದು ಖಾಸಗಿ ಕಂಪೆನಿಯ ಕೆಲಸಕ್ಕೆ, 20 ಎಂಬುದು ಮನೆಗೆಲಸಕ್ಕೆ. ಅಂಗಡಿ ಕೆಲಸ ಎಂದು ಹೇಳಿ 20ರ ವೀಸಾ ಕೊಟ್ಟಿದ್ದರೆ ಹೇಳಿದ ಮಾತಿಗೂ ಕಾಗದಕ್ಕೂ ಹೊಂದಿಕೆಯಿಲ್ಲ ಎಂದರ್ಥ.

ಯುಎಇಯಲ್ಲಿ 2016ರಿಂದ ಕೆಲಸದ ಪ್ರಸ್ತಾವ ಪತ್ರವನ್ನು ಅರಬಿ, ಇಂಗ್ಲಿಷ್ ಅಲ್ಲದೆ ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಕೊಡುವ ಏರ್ಪಾಡು ಬಂತು. ಆ ಭಾಷೆಗಳಲ್ಲಿ ಉರ್ದು, ಹಿಂದಿ, ಮಲಯಾಳಂ, ತಮಿಳು ಇವೆ, ಕನ್ನಡ ಇಲ್ಲ. ನಮ್ಮ ಮನೆಗಳಲ್ಲಿ ಉರ್ದು ಓದಬಲ್ಲವರು ಇದ್ದೇ ಇರುತ್ತಾರೆ. ಉರ್ದು ಪ್ರತಿ ಕೇಳಿ ಪಡೆಯಿರಿ, ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲೆ ಸಹಿ.

ಹತ್ತನೇ ತರಗತಿಯ ಬೆಲೆ

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ 'ಇಸಿಆರ್' ಎಂಬ ಮುದ್ರೆಯಿರುವ ಪಾಸ್‌ಪೋರ್ಟ್ ಸಿಗುತ್ತದೆ. 1983ರ ಎಮಿಗ್ರೇಷನ್ ಕಾಯಿದೆಯ ಪ್ರಕಾರ ಇಂಥವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೈನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ಅನುಮತಿ ಪಡೆಯಬೇಕು. ಪಾಸ್‌ಪೋರ್ಟಿನಲ್ಲಿ ಮುದ್ರೆ ಇಲ್ಲದಿದ್ದರೆ ಅನುಮತಿ ಬೇಡ.

ಅನುಮತಿ ಎಂದರೆ ತೊಡಕು ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ರಕ್ಷಣೆ. ಕರಾರು, ಸಂಬಳ, ಮಾಲೀಕನ ವಿವರ ಎಲ್ಲವೂ ಆಗ 'ಇ-ಮೈಗ್ರೇಟ್' ಎಂಬ ಸರ್ಕಾರಿ ದಾಖಲೆಯಲ್ಲಿ ಸೇರುತ್ತದೆ. 2003ರಲ್ಲಿ ಆರಂಭವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯನ್ನೂ ಮಾಡಿಸಬೇಕಾಗುತ್ತದೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ ಹತ್ತು ಲಕ್ಷ ರೂಪಾಯಿ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಜೊತೆಗೆ ತೆರಿಗೆ. ಎರಡು ಕಿಲೋ ಕುರಿಮಾಂಸಕ್ಕೂ ಸಾಲದ ಹಣವಿದು! ಆ ಪಾಲಿಸಿಯಲ್ಲಿ ನಾಮಿನಿ ಯಾರ ಹೆಸರು ಎಂದು ನೋಡಿಕೊಳ್ಳಿ.

ಇಸಿಆರ್ ಇರುವವರು ಪ್ರವಾಸಕ್ಕೆ ಹೋಗುವುದಾದರೆ ಈ ಅನುಮತಿ ಬೇಕಿಲ್ಲ. ಏಜೆಂಟರು ವಿಸಿಟ್ ವೀಸಾವನ್ನೇ ಮುಂದೊಡ್ಡಲು ಇದೂ ಒಂದು ಕಾರಣ. ಹುಡುಗ ಸರ್ಕಾರದ ಲೆಕ್ಕಕ್ಕೆ ಸಿಗದೆ ಹಾರಿಹೋಗುತ್ತಾನೆ. ಮುಂದೆ ಅವನಿಗೆ ಏನಾದರೂ ಆದರೆ ಅವನು ಕೆಲಸಕ್ಕೆ ಹೋದವನೆಂಬ ದಾಖಲೆಯೇ ಇರುವುದಿಲ್ಲ.

"ಹೇಗೂ ಸೌದಿಗೆ ಹೋಗುವವನು, ಎಸೆಸೆಲ್ಸಿ ಏಕೆ?" ಎಂದು ಒಂಬತ್ತನೆಯಲ್ಲೇ ಗ್ಯಾರೇಜಿಗೆ ಸೇರಿಸುವ ಮನೆಗಳಿವೆ. ಅಂಥ ತಾಯಂದಿರಿಗೆ ನನ್ನ ವಿನಂತಿ: ಒಂದೇ ಒಂದು ವರ್ಷ ತಾಳಿ. ಆ ಒಂದು ಅಂಕಪಟ್ಟಿ ಅವನ ಪಾಸ್‌ಪೋರ್ಟನ್ನೇ ಬದಲಿಸುತ್ತದೆ. ಹಾಗೆಯೇ ಟಿಸಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಬೀ, ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ ಎಂದು ಬರೆಸಿಕೊಂಡ ನಮ್ಮ ಹೆಣ್ಣುಮಕ್ಕಳು ಫ್ಯಾಮಿಲಿ ವೀಸಾದ ಹೊತ್ತಿಗೆ ಪಡುವ ಪಾಡು ಅಷ್ಟಿಷ್ಟಲ್ಲ. ಪಾಸ್‌ಪೋರ್ಟಿಗಾಗಿ ಹಿಂದಿನಂತೆ ಬೆಂಗಳೂರಿಗೇ ಓಡಬೇಕಾಗಿಲ್ಲ. 2017ರಲ್ಲಿ ಮೈಸೂರಿನಿಂದ ಆರಂಭಿಸಿ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದರು. ಹಾಸನಕ್ಕೂ ಅದು ಬಂದಿದೆ.

ಏಜೆಂಟನಿಗೆ ಕೇಳಬೇಕಾದ ಪ್ರಶ್ನೆ

ಹೊರದೇಶಕ್ಕೆ ಜನರನ್ನು ಕಳಿಸಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಆ ನಂಬರನ್ನು ಇ-ಮೈಗ್ರೇಟ್‌ನಲ್ಲಿ ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು. ಲೈಸೆನ್ಸ್ ಇರುವವನು ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಲಕ್ಷ, ಒಂದೂವರೆ ಲಕ್ಷ ಎಂದು ಕೇಳುವವನಿಗೆ "ಯಾವ ಲೆಕ್ಕ?" ಎಂದು ಕೇಳುವ ಹಕ್ಕು ನಮಗಿದೆ. "ಕಂಪೆನಿಗೆ ವೀಸಾದ ಹಣ ಕಟ್ಟಬೇಕು" ಎಂದರೆ ನಂಬಬೇಡಿ. ಸೌದಿ ಕಾರ್ಮಿಕ ಕಾನೂನಿನ 40ನೇ ಕಲಮಿನಂತೆ ಕರೆಸಿಕೊಳ್ಳುವ ಖರ್ಚು, ಇಕಾಮಾ ಶುಲ್ಕ ಮಾಲೀಕನದ್ದು. ಯುಎಇ ಕಾನೂನೂ ನೇಮಕದ ಖರ್ಚನ್ನು ಕೆಲಸಗಾರನ ಮೇಲೆ ಹಾಕುವುದನ್ನು ನಿಷೇಧಿಸಿದೆ.

ನಮ್ಮೂರಿನಲ್ಲಿ ವೀಸಾ ಕೊಡಿಸುವವನು ಹೆಚ್ಚಾಗಿ ದೂರದ ನೆಂಟನೋ ನೆಂಟನ ಸ್ನೇಹಿತನೋ ಆಗಿರುತ್ತಾನೆ. ಚೀಟಿ ಕೇಳಲು ಸಂಕೋಚ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಸೂರಃ ಬಖರಃದಲ್ಲಿ ವಿವರವಾದ ಆದೇಶವಿರುವಾಗ ಬರೆಸಿಕೊಳ್ಳುವುದು ಅವಿಶ್ವಾಸ ಹೇಗಾಗುತ್ತದೆ? ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟರೆ ಅದೇ ಸಾಕ್ಷಿ ಹೇಳುತ್ತದೆ.

ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಹೋಗುವ ಪ್ರಸಂಗ ಬಂದರೆ ನಿಯಮ ಇನ್ನೂ ಬಿಗಿ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಗಳಿಗೆ 30 ವರ್ಷ ತುಂಬದೆ ಈ 18 ದೇಶಗಳಿಗೆ ಕೆಲಸದ ಅನುಮತಿ ಕೊಡುವುದಿಲ್ಲ. ಇಂಥವರ ನೇಮಕ ಖಾಸಗಿ ಏಜೆಂಟರ ಕೈಯಲ್ಲಿರಬಾರದು, ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕು ಎಂದು 2016ರಲ್ಲಿ ಕೇಂದ್ರ ನಿಯಮ ತಂದಿತು. ವಿಧವೆಯರನ್ನೂ ತಲಾಕ್ ಆದವರನ್ನೂ ಹುಡುಕಿಕೊಂಡು ಬರುವ ಏಜೆಂಟರನ್ನು ಹೊಸ್ತಿಲಿನಲ್ಲೇ ನಿಲ್ಲಿಸಲು ಈ ಮಾಹಿತಿ ಸಾಕು.

ಅಲ್ಲಿನ ನಿಯಮ ಸ್ವಲ್ಪ ಬದಲಾಗಿದೆ

ಗಲ್ಫ್ ದೇಶಗಳಲ್ಲಿ ಕಫೀಲನ ಹಿಡಿತ ಮೊದಲಿನಷ್ಟು ಇಲ್ಲ. ಕತಾರ್ 2020ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1,000 ರಿಯಾಲ್ ಎಂದು ಗೊತ್ತುಪಡಿಸಿತು. ಸೌದಿಯೂ ಅದೇ ತಿಂಗಳು ಕಂಪೆನಿ ಕೆಲಸಗಾರರಿಗೆ ಕೆಲಸ ಬದಲಿಸುವ, ಊರಿಗೆ ಹೋಗಿಬರುವ ವಿಷಯದಲ್ಲಿ ಸಡಿಲಿಕೆ ತಂದಿತು. ಆದರೆ ಆ ಸಡಿಲಿಕೆ ಮನೆಗೆಲಸದವರಿಗೆ, ಮನೆಯ ಚಾಲಕರಿಗೆ, ಕುರಿಗಾಹಿಗಳಿಗೆ ಅನ್ವಯಿಸಲಿಲ್ಲ. ಮನೆಗೆಲಸದವರಿಗೆ ಬೇರೆ ನಿಯಮವಿದೆ. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಅದರ ಪ್ರಕಾರ ವಾರಕ್ಕೊಂದು ದಿನ ರಜೆ ಕೊಡಬೇಕು, ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. 'ಸಾಇಕ್ ಖಾಸ್' ಎಂಬ ಎರಡು ಪದಗಳನ್ನು ಓದಬೇಕೆಂದು ಹೇಳಿದ್ದು ಇದಕ್ಕೇ. ಕಂಪೆನಿಯ ಡ್ರೈವರ್ ಮತ್ತು ಮನೆಯ ಡ್ರೈವರ್ ಇಬ್ಬರೂ ಹಿಡಿಯುವುದು ಸ್ಟಿಯರಿಂಗನ್ನೇ ಆದರೂ ಅವರಿಗಿರುವ ಹಕ್ಕು ಬೇರೆಬೇರೆ.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತಿಗೂ ಲೆಕ್ಕವಿದೆ. ಯುಎಇಯಲ್ಲಿ ಕುಟುಂಬವನ್ನು ಕರೆಸಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ವಸತಿ ಇರಬೇಕು. ಸೌದಿ 2017ರಲ್ಲಿ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. 2020ರಲ್ಲಿ ಅದು 400ಕ್ಕೆ ಏರಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ತಿಂಗಳಿಗೆ 1,200 ರಿಯಾಲ್ ಎಂದರೆ ಸಾಮಾನ್ಯ ಕೆಲಸಗಾರನಿಗೆ ಏನು ಉಳಿಯುತ್ತದೆ? "ಮದುವೆಯಾದ ಕೂಡಲೇ ಕರೆಸಿಕೊಳ್ಳುತ್ತೇನೆ" ಎನ್ನುವ ವರನಿಗೆ ಹೆಣ್ಣಿನ ಮನೆಯವರು ಅವನ ಇಕಾಮಾದಲ್ಲಿರುವ ಉದ್ಯೋಗವೇನು, ಸಂಬಳವೆಷ್ಟು ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮೂವತ್ತು ವರ್ಷ ಇದ್ದರೂ ಅತಿಥಿಯೇ

ಅಮೆರಿಕ, ಕೆನಡಾದಂಥ ದೇಶಗಳಿಗೂ ಗಲ್ಫ್‌ಗೂ ದೊಡ್ಡ ವ್ಯತ್ಯಾಸ ಪೌರತ್ವದ್ದು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ ಐದು ವರ್ಷದ ಮೇಲೆ, ಕೆನಡಾದಲ್ಲಿ ಖಾಯಂ ವಾಸದ ಅನುಮತಿ ಪಡೆದು ಐದು ವರ್ಷಗಳಲ್ಲಿ 1,095 ದಿನ ವಾಸಿಸಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಗಲ್ಫ್‌ನಲ್ಲಿ ಸಾಮಾನ್ಯ ಕೆಲಸಗಾರನಿಗೆ ಅಂಥ ದಾರಿಯಿಲ್ಲ. ಗೋಲ್ಡನ್ ವೀಸಾ ಮುಂತಾದವು ಹಣವಂತರಿಗೆ, ವಿಶೇಷ ಪರಿಣತರಿಗೆ. ಮೂವತ್ತು ವರ್ಷ ದುಡಿದರೂ ಕೆಲಸ ಮುಗಿದ ದಿನ ಮರಳಲೇಬೇಕು. ಹೀಗಾಗಿ ದುಡಿಮೆಯ ಮೊದಲ ವರ್ಷದಿಂದಲೇ ಮರಳುವ ದಿನಕ್ಕಾಗಿ ಸ್ವಲ್ಪ ಕೂಡಿಡುವುದು ಅನಿವಾರ್ಯ.

ಎಷ್ಟು ವರ್ಷ ಹೊರಗಿದ್ದರೂ ಕೆಲಸದ ವೀಸಾದಿಂದ ಭಾರತದ ಪೌರತ್ವ ಹೋಗುವುದಿಲ್ಲ. ಈ ಬಗ್ಗೆ ಅಂಜಿಕೆ ಬೇಡ. ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದರೆ ಮಾತ್ರ 1955ರ ಪೌರತ್ವ ಕಾಯಿದೆಯಂತೆ ನಮ್ಮದು ಕೊನೆಯಾಗುತ್ತದೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 2005ರಿಂದ ಬಂದ ಒಸಿಐ ಕಾರ್ಡ್ ಇದ್ದವರು ಬಂದುಹೋಗಬಹುದು, ಇಲ್ಲಿಯೇ ಇರಬಹುದು, ಮತ ಹಾಕುವಂತಿಲ್ಲ.

ತಾಯಂದಿರು ಚೆನ್ನಾಗಿ ನೆನಪಿಡಬೇಕಾದ ವಿಷಯ ಅಲ್ಲಿ ಹುಟ್ಟುವ ಮಗುವಿನದು. ಸೌದಿಯಲ್ಲೋ ದುಬೈಯಲ್ಲೋ ಹುಟ್ಟಿದ ಮಾತ್ರಕ್ಕೆ ನಮ್ಮ ಮಗು ಆ ದೇಶದ್ದಾಗುವುದಿಲ್ಲ. ಭಾರತದ್ದೂ ತಾನಾಗಿಯೇ ಆಗುವುದಿಲ್ಲ! 2004ರ ಡಿಸೆಂಬರ್ 3ರ ಬಳಿಕ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿಗಾಗಿ ಕಾಯಬೇಕು. ಇಕಾಮಾ ಮುಗಿದ ತಂದೆ, ವಿಸಿಟ್ ವೀಸಾದಲ್ಲಿರುವ ತಾಯಿ, ಮನೆಯಲ್ಲೇ ಆದ ಹೆರಿಗೆ, ನಿಕಾಹ್‌ನಾಮೆ ಬಿಟ್ಟರೆ ಬೇರೆ ನೋಂದಣಿ ಇಲ್ಲ ಎಂದಾದರೆ ಆ ಮಗು ಯಾವ ದೇಶದ ಕಾಗದದಲ್ಲೂ ಕಾಣದೆ ಹೋಗಬಹುದು. ಹೆರಿಗೆಗೆ ಅರಸೀಕೆರೆಗೋ ಹಾಸನಕ್ಕೋ ಬಂದವರಿಗೆ ಈ ತೊಡಕಿಲ್ಲ. ತಂದೆತಾಯಿ ಇಬ್ಬರೂ ಭಾರತೀಯರಾಗಿದ್ದು ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ. ಜನನ ಪ್ರಮಾಣ ಪತ್ರವನ್ನು ಮಾತ್ರ ತಡಮಾಡದೆ ಪಡೆಯಬೇಕು.

ಜಮೀನಿನ ವಿಷಯವೂ ಇದೆ. ಗಲ್ಫ್ ಹಣದಿಂದ ಅರಸೀಕೆರೆ ಕಡೆ ತೆಂಗಿನ ತೋಟ, ಬೇಲೂರು ಕಡೆ ಕಾಫಿ ತೋಟ ಮಾಡುವ ಆಸೆ ಹಲವರಿಗೆ. ಆದರೆ ಹೊರಗೆ ದುಡಿಯುತ್ತಿರುವ ಅನಿವಾಸಿ ಭಾರತೀಯ ತನ್ನ ಹೆಸರಿಗೆ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ಅಡ್ಡಿಯಿಲ್ಲ. ಊರಲ್ಲೇ ಇರುವ ಹೆಂಡತಿಗೆ ಈ ನಿರ್ಬಂಧವಿಲ್ಲ. ಗಂಡ ಕೊಟ್ಟ ಹಣದಲ್ಲಿ ಅವಳ ಹೆಸರಿಗೇ ಕೊಳ್ಳಲು ವಕೀಲರನ್ನು ಕೇಳಿ ಮುಂದುವರಿಯಿರಿ. ವರ್ಷಗಟ್ಟಲೆ ಒಂಟಿಯಾಗಿ ಮನೆ ನಡೆಸಿದವಳಿಗೆ ಅದೊಂದು ಭದ್ರತೆಯೂ ಹೌದು.

ಮನೆಯಲ್ಲೊಂದು ಫೈಲ್

ಇಷ್ಟೆಲ್ಲ ನೆನಪಿಡುವುದು ಹೇಗೆ ಎಂದು ಕೇಳಬಹುದು. ಒಂದು ಫೈಲ್ ಮಾಡಿ, ಅದರಲ್ಲಿ ಇವಿಷ್ಟು ಇರಲಿ:

1. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ.
2. ವೀಸಾ ಮತ್ತು ಕರಾರಿನ ಪ್ರತಿ. ಹೋದ ಮೇಲೆ ಇಕಾಮಾದ ಎರಡೂ ಬದಿಯ ಫೋಟೋ, ಅದು ಮುಗಿಯುವ ದಿನಾಂಕ.
3. ಮಾಲೀಕನ ಅಥವಾ ಕಂಪೆನಿಯ ಹೆಸರು, ಊರು, ಫೋನ್. ಜೊತೆಗಿರುವ ಒಬ್ಬ ಕೆಲಸಗಾರನ ನಂಬರ್.
4. ಏಜೆಂಟನ ಲೈಸೆನ್ಸ್ ನಂಬರ್, ಕೊಟ್ಟ ಹಣದ ರಸೀದಿ.
5. ವಿಮೆಯ ಪಾಲಿಸಿ.
6. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಡೆದ ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ.

ತೊಂದರೆಯಾದಾಗ ವಿದೇಶಾಂಗ ಸಚಿವಾಲಯದ ಸಹಾಯವಾಣಿ 1800 11 3090 ಇದೆ, ಕರೆ ಉಚಿತ. 2015ರಲ್ಲಿ ಆರಂಭವಾದ 'ಮದದ್' ಎಂಬ ಸರ್ಕಾರಿ ತಾಣದಲ್ಲಿ ಮನೆಯವರೇ ದೂರು ದಾಖಲಿಸಬಹುದು. ಸಂಕಟದಲ್ಲಿರುವವರಿಗೆ ಟಿಕೆಟ್, ಆಶ್ರಯ, ಮೃತದೇಹ ತರಿಸುವ ವೆಚ್ಚ ಭರಿಸಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಕಲ್ಯಾಣ ನಿಧಿಯಿದೆ. ಇಲ್ಲೆಲ್ಲ ಮೊದಲು ಕೇಳುವುದು ಪಾಸ್‌ಪೋರ್ಟ್ ನಂಬರ್ ಮತ್ತು ಮಾಲೀಕನ ವಿವರ. ಅವೆರಡೂ ಫೈಲಿನಲ್ಲಿದ್ದರೆ ಹುಡುಕಾಟದಲ್ಲೇ ವಾರಗಳು ಕಳೆದುಹೋಗುವುದಿಲ್ಲ.

ಹಲಾಲ್ ದುಡಿಮೆಗಾಗಿ ಊರು ಬಿಟ್ಟು ಹೋಗುವುದು ದೊಡ್ಡ ತ್ಯಾಗ. ಆ ತ್ಯಾಗ ಯಾರದೋ ವಂಚನೆಗೆ ಸಿಕ್ಕಿ ಹಾಳಾಗಬಾರದು. ನಿಮ್ಮ ಮನೆಯಿಂದ ಈಗಾಗಲೇ ಯಾರಾದರೂ ಹೋಗಿದ್ದರೆ ಇಂದು ರಾತ್ರಿ ಫೋನ್ ಬಂದಾಗ ಊಟವಾಯಿತೇ ಎಂದು ಕೇಳಿದ ಮೇಲೆ ಇಕಾಮಾದ ಫೋಟೋ ಕಳಿಸಲು ಹೇಳಿ. ಬಂದ ಕೂಡಲೇ 'ಮಿಹ್ನಃ' ಎಂಬ ಸಾಲನ್ನು ಹುಡುಕಿ ಓದಿ.